ಕುಡುಗೋಲಿಗೆ ನೀರು, ಎತ್ತಿಗೆ ಬೂದಿ

ಜೋಳದ ಸುಗ್ಗಿ ಹತ್ತಿರ ಬಂದಾಗ ಕುಡುಗೋಲು ಹಣಿಸಿಕೊಳ್ಳಲು ಕಂಬಾರರ ಕುಲುಮೆಗೆ ಹೋದವರೆಲ್ಲ ಇದನ್ನು ನೋಡಿದ್ದಾರೆ. ಕಾದ ಅಲಗನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ತೆಳ್ಳಗೆ ಮಾಡುತ್ತಾರೆ. ಮತ್ತೊಮ್ಮೆ ಕೆಂಪಗೆ ಕಾಯಿಸುತ್ತಾರೆ. ಪಕ್ಕದ ಕಲ್ಲುಬಾನಿಯ ನೀರಿಗೆ ಅದ್ದುತ್ತಾರೆ. ಚುಂಯ್ ಎಂಬ ಸದ್ದು, ಒಂದಿಷ್ಟು ಉಗಿ, ಅಷ್ಟೇ. ನೀರು ಕುಡಿದ ಕುಡುಗೋಲಿಗೆ ಗಟ್ಟಿತನ ಬರುತ್ತದೆ, ನೀರು ಕುಡಿಯದ್ದು ನಾಲ್ಕು ಸಾಲು ಕೊಯ್ಯುವಷ್ಟರಲ್ಲಿ ಮೊಂಡಾಗುತ್ತದೆ. ಇದು ಒಕ್ಕಲುತನದ ಮನೆಯ ಮಕ್ಕಳಿಗೂ ಗೊತ್ತಿರುವ ಮಾತು.

ಈಗ ಅದೇ ಊರಿನ ಪತ್ತಾರರ ಅಂಗಡಿಗೆ ಬನ್ನಿ. ತಾಮ್ರದ ತಗಡನ್ನು ಬಡಿದು ಬಡಿದು ಅದು ಬಿರುಸಾಗಿದೆ, ಇನ್ನೆರಡು ಪೆಟ್ಟು ಬಿದ್ದರೆ ಸೀಳುತ್ತದೆ. ಪತ್ತಾರರೂ ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತಾರೆ. ಅದೇ ಸದ್ದು, ಅದೇ ಉಗಿ. ತಾಮ್ರ ಮಾತ್ರ ಮೆತ್ತಗಾಗಿ ಹೊರಬರುತ್ತದೆ, ಬೆರಳಲ್ಲೇ ಬಗ್ಗಿಸಬಹುದು.

ಇನ್ನೊಂದು ದೃಶ್ಯ ಬಾಕಿ ಇದೆ. ಯಾರೋ ಹವ್ಯಾಸಕ್ಕೆಂದು ಲಾರಿಯ ಹಳೇ ಕಮಾನು ಪಟ್ಟಿಯಿಂದ ಒಂದು ಎತ್ತಿನ ಮುಖ ಮಾಡುತ್ತಿದ್ದಾರೆ ಎನ್ನಿ. ಕೊಂಬು ಬಾಗಿಸಿ ಆಯಿತು, ಕೆಂಪಗೇ ಇದೆ. ಕುಡುಗೋಲಿನ ಅಭ್ಯಾಸದಲ್ಲಿ ಬಾನಿಯ ಕಡೆ ಕೈ ಹೋಗುತ್ತದೆ. ಅನುಭವಿ ಕಂಬಾರರು ಪಕ್ಕದಲ್ಲಿದ್ದರೆ ತಡೆಯುತ್ತಾರೆ: ಇದಕ್ಕ ನೀರ ಬ್ಯಾಡ್ರಿ, ಬೂದ್ಯಾಗ ಹುಗೀರಿ. ಮಾತು ಮೀರಿ ನೀರಿಗೆ ಅದ್ದಿದ ಎತ್ತಿನ ಕೊಂಬು ಮರುದಿನ ಮೇಜಿನಿಂದ ಉರುಳಿದರೆ ಪಟ್ಟನೆ ತುಂಡಾಗುತ್ತದೆ. ಕಬ್ಬಿಣ ತುಂಡಾಗುವುದೆಂದರೇನು?

ಬೆಂಕಿಯೂ ನೀರೂ ಎಲ್ಲ ಕಡೆ ಒಂದೇ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಪೆಡಸು. ಈ ಅಧ್ಯಾಯದಲ್ಲಿ ಬಿಡಿಸಬೇಕಾದ ಗಂಟು ಇದು.

ಎಡೆದೊರೆಯ ಎತ್ತುಗಳು

ಗಂಟು ಬಿಡಿಸುವ ಮೊದಲು ಈ ಕುಲುಮೆಗಳ ನಾಡನ್ನು ನೋಡಿ ಬರೋಣ. ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಚೀಕಲಪರ್ವಿ ಎಂದೊಡನೆ ನೆನಪಾಗುವವರು ಅಲ್ಲಿ ಹುಟ್ಟಿದ ವಿಜಯದಾಸರು (1682–1755). ಕಬ್ಬಿಣ ಯಾರಿಗೂ ನೆನಪಾಗುವುದಿಲ್ಲ. ಆದರೆ ತುಂಗಭದ್ರೆಯ ದಂಡೆಯ ಈ ಊರಿನಿಂದ ಕೃಷ್ಣೆಗೆ ಸಮೀಪದ ದೇವದುರ್ಗದ ಕಡೆಗೆ ಹೋಗುವ ಎರೆಭೂಮಿ, ಹಳೆಯ ಶಾಸನಗಳ ಎಡೆದೊರೆ ನಾಡು, ಎತ್ತು ಮತ್ತು ಕಬ್ಬಿಣ ಎರಡಕ್ಕೂ ಬಹಳ ಹಳೆಯ ನಂಟು ಇರುವ ನೆಲ. ಮಸ್ಕಿಯನ್ನು ನಾವು ಅಶೋಕನ ಶಾಸನದಿಂದ ಬಲ್ಲೆವು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಅದನ್ನು ಕಂಡರು, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಖಚಿತವಾಯಿತು. ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಪದರದ ಮೇಲೆ ಕಬ್ಬಿಣ ಬಳಸಿದ ಜನರ ಪದರ ಸಿಕ್ಕಿತು. ಲಿಂಗಸುಗೂರು ಕಡೆಯ ಪಿಕ್ಲಿಹಾಳದ ಬಂಡೆಗಳ ಮೇಲೆ ಕೊಂಬಿನ ಎತ್ತು, ಗೂಳಿಗಳ ಸಾಲೇ ಇದೆ. ಕಲ್ಲಿನಿಂದ ಕಲ್ಲನ್ನು ಜಜ್ಜಿ ಮೂಡಿಸಿದ ಚಿತ್ರಗಳು ಅವು. ಎತ್ತನ್ನು ಉಳಲು ಹೂಡಿದಷ್ಟೇ ಹಿಂದಿನಿಂದಲೂ ಎತ್ತನ್ನು ನೋಡಿ ಎತ್ತನ್ನು ಮಾಡುವ ಚಪಲವೂ ಇಲ್ಲಿನವರಿಗೆ ಇತ್ತು ಎಂದು ನನಗನ್ನಿಸುತ್ತದೆ. ಇವತ್ತಿಗೂ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕೆರೆಯ ಜಿಗುಟು ಮಣ್ಣು ತಂದು ಮಕ್ಕಳು ಜೋಡೆತ್ತು ಮಾಡುತ್ತಾರೆ, ಕೊಂಬಿಗೆ ಕುಸುಬೆ ಅಂಟಿಸುತ್ತಾರೆ.

ಮಣ್ಣಲ್ಲಿ ಮಾಡಿದ್ದನ್ನು ಕಬ್ಬಿಣದಲ್ಲಿ ಮಾಡುವುದು ಈಚಿನ ಹವ್ಯಾಸ. ರಂಟೆಯ ಕುಳ, ಕುಂಟೆಯ ಅಲಗು, ಕೂರಿಗೆಯ ತಾಳು, ಬಂಡಿಗಾಲಿಯ ಹಳಿ: ಇವೇ ಕಂಬಾರರ ವರ್ಷವಿಡೀ ಕೆಲಸವಾಗಿದ್ದವು. ಕೂಲಿ ಸುಗ್ಗಿಯಲ್ಲಿ ಆಯದ ಕಾಳಾಗಿ ಬರುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಮಾನ್ವಿ, ಸಿಂಧನೂರು ಕಡೆ ನೆಲ್ಲು ಹಬ್ಬಿತು, ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರಿನ ಜೊತೆ ಬೋಲ್ಟು ಬಿಗಿಯುವ ರೆಡಿಮೇಡ್ ಕುಳ ಬಂತು. ತಿಂಥಣಿಯ ಮೌನೇಶ್ವರರಿಗೆ ನಡೆದುಕೊಳ್ಳುವ ಎಷ್ಟೋ ಕಂಬಾರ ಮನೆಗಳಲ್ಲಿ ತಿದಿಯ ಜಾಗದಲ್ಲಿ ಈಗ ವೆಲ್ಡಿಂಗ್ ಯಂತ್ರ ಕೂತಿದೆ. ಇತ್ತ ಪಟ್ಟಣಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೈ ಜೋಮು ಹಿಡಿದವರು ಹಿತ್ತಲಲ್ಲಿ ಪುಟ್ಟ ಕುಲುಮೆ ಹೂಡುತ್ತಿದ್ದಾರೆ. ಲಾರಿಯ ಹಳೇ ಬ್ರೇಕ್ ಡ್ರಮ್ಮಿಗೆ ಕೆಳಗಿನಿಂದ ಪೈಪು ಕೂಡಿಸಿ ಬ್ಲೋವರಿನ ಗಾಳಿ ಬಿಟ್ಟರೆ ಒಲೆ ಸಿದ್ಧ. ರೈಲು ಹಳಿಯ ತುಂಡು ಅಡಿಗಲ್ಲಾಗುತ್ತದೆ. (ಹಳಿ ತುಂಡನ್ನು ರಸೀದಿ ಇಲ್ಲದೆ ಕೊಳ್ಳಬೇಡಿ. ರೈಲ್ವೆ ಸ್ವತ್ತು ಅಕ್ರಮವಾಗಿ ಕೈಯಲ್ಲಿದ್ದರೆ ಶಿಕ್ಷಿಸಲೆಂದೇ 1966ರ ಕಾನೂನೊಂದಿದೆ.) ಹಾವು, ಬಸವನಹುಳು, ಕುದುರೆ ಮುಖ, ಎತ್ತು ಇಂಥ ಹವ್ಯಾಸಿಗಳು ಮೊದಲು ಮಾಡುವ ಪ್ರಾಣಿಗಳು. ಒಂದೇ ಸರಳಿನಿಂದ, ಬೆಸುಗೆ ಇಲ್ಲದೆ ಮಾಡಬಹುದಾದದ್ದರಿಂದ ಹಾವು ಎಲ್ಲರಿಗೂ ಮೊದಲ ಪಾಠ.

ಎತ್ತಿನ ಮುಖದ ಗೂಟ ಎರಡನೆಯ ಪಾಠ. ಅಂಗಿ, ಬಾರುಕೋಲು ನೇತುಹಾಕಲು ಗೋಡೆಗೆ ಹೊಡೆಯುವ ಗೂಟ. ಪಟ್ಟಿಯ ತುದಿಯನ್ನು ಕಿತ್ತಳೆ ಬಣ್ಣಕ್ಕೆ ಬರುವಷ್ಟು ಕಾಯಿಸಿ, ನಡುವೆ ಚಾಣ ಇಟ್ಟು ಉದ್ದಕ್ಕೆ ಸೀಳಬೇಕು. ಸೀಳಿದ ಎರಡು ಕವಲೇ ಎರಡು ಕೊಂಬು. ಒಂದೊಂದನ್ನೂ ಬೇರೆ ಬೇರೆಯಾಗಿ ಕಾಯಿಸಿ, ತಿರುಗಿಸುತ್ತ ತಟ್ಟಿ, ತುದಿ ಚೂಪಾಗುವಂತೆ ಎಳೆಯಬೇಕು. ಖಿಲಾರಿ ಎತ್ತಿನ ಕೊಂಬು ಬೇಕೆಂದರೆ ಮೊದಲು ಹಿಂದಕ್ಕೆ, ಆಮೇಲೆ ಮೇಲಕ್ಕೆ ಬಾಗಬೇಕು. ಇದು ಹೇಳಲು ಸುಲಭ. ಒಂದು ಕೊಂಬು ಬಾಗಿಸುವಷ್ಟರಲ್ಲಿ ಇನ್ನೊಂದು ಕಪ್ಪಾಗಿರುತ್ತದೆ, ಮತ್ತೆ ಬೆಂಕಿಗೆ ಇಡಬೇಕು. ತೆಳುವಾದ ತುದಿ ಬುಡಕ್ಕಿಂತ ಬೇಗ ಕಾಯುವುದರಿಂದ ಕಣ್ಣು ತಪ್ಪಿದರೆ ತುದಿ ಬಿಳಿಯಾಗಿ ಕಿಡಿ ಕಾರಿ ಉರಿದೇ ಹೋಗುತ್ತದೆ. ಸುತ್ತಿಗೆ ಬಿದ್ದಲ್ಲೆಲ್ಲ ಬೂದುಗಪ್ಪು ಪೊರೆ ಎದ್ದು ಉದುರುತ್ತದೆ. ಅದು ಗಾಳಿಯ ಆಮ್ಲಜನಕ ತಿಂದ ಕಬ್ಬಿಣ. ಕಣ್ಣಿನ ಗುಳಿಗೆ ಮೊಂಡು ಉಳಿಯ ಒಂದೇ ಪೆಟ್ಟು ಸಾಕು. ಎರಡನೆಯ ಪೆಟ್ಟು ಹಾಕಿದರೆ ಎತ್ತಿಗೆ ಬೆದರಿದ ಕಳೆ ಬರುತ್ತದೆ.

ಸಾಮಾನು ಆರಿಸುವಾಗ ಒಂದು ಎಚ್ಚರ. ಜಿಐ ಪೈಪು, ಸತು ಬಳಿದ ತಗಡು ಎಂದೂ ಕುಲುಮೆಗೆ ಬೇಡ. ಸತುವಿನ ಹೊಗೆ ಉಸಿರಿಗೆ ಹೋದರೆ ಅವತ್ತಿನ ರಾತ್ರಿ ಚಳಿಜ್ವರ ಖಂಡಿತ, ಹೆಚ್ಚಾದರೆ ಅದಕ್ಕಿಂತ ಕೆಟ್ಟದ್ದು.

ಮಹಿಮೆ ನೀರಿನದೇ?

ಕಬ್ಬಿಣವನ್ನು ನೀರು ಗಟ್ಟಿ ಮಾಡುತ್ತದೆ ಎಂದ ಮೇಲೆ, ಯಾವ ನೀರು ಹೆಚ್ಚು ಗಟ್ಟಿ ಮಾಡೀತು ಎಂಬ ಪ್ರಶ್ನೆ ಸಹಜ. ಈ ಹುಡುಕಾಟ ಲೋಕದ ಎಲ್ಲ ಕಡೆ ನಡೆದಿದೆ. ಇಂಥ ನದಿಯ ನೀರು, ಇಂಥ ಬಾವಿಯ ನೀರು ಎಂದು ಹೆಸರು ಹೋದವು. 12ನೇ ಶತಮಾನದಲ್ಲಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಕರಕುಶಲ ಕೈಪಿಡಿ ಬರೆದ ಯುರೋಪಿನ ಸನ್ಯಾಸಿ, ಜರೀಗಿಡ ಮೇಯಿಸಿದ ಹೋತದ ಮೂತ್ರ ಶ್ರೇಷ್ಠ ಎಂದ. ಕೆಂಚುಗೂದಲ ಹುಡುಗನ ಮೂತ್ರವೂ ಆದೀತು ಎಂದ. ನಗಬೇಡಿ. ಮೂತ್ರದಲ್ಲಿ ಉಪ್ಪಿದೆ, ಉಪ್ಪುನೀರು ನಿಜಕ್ಕೂ ಹೆಚ್ಚು ಕೆಲಸ ಮಾಡುತ್ತದೆ. ಕಾದ ಕಬ್ಬಿಣ ನೀರಿಗೆ ಬಿದ್ದ ಕೂಡಲೇ ಸುತ್ತ ಉಗಿಯ ಒಂದು ತೆಳು ಕವಚ ಕಟ್ಟುತ್ತದೆ. ಕವಚವಿರುವಷ್ಟು ಹೊತ್ತು ನೀರಿಗೂ ಕಬ್ಬಿಣಕ್ಕೂ ಸ್ಪರ್ಶವಿಲ್ಲ, ಶಾಖ ಸರಾಗವಾಗಿ ಹೊರಬರುವುದಿಲ್ಲ. ಉಪ್ಪು ಈ ಕವಚವನ್ನು ಬೇಗ ಒಡೆಯುತ್ತದೆ. ಕಂಬಾರರು ಅದ್ದಿದ ಅಲಗನ್ನು ಸುಮ್ಮನೆ ಹಿಡಿಯದೆ ಬಾನಿಯಲ್ಲಿ ಆಚೆ ಈಚೆ ಆಡಿಸುವುದೂ ಅದಕ್ಕೇ. ಎಣ್ಣೆಗೆ ಅದ್ದಿದರೆ ನೀರಿಗಿಂತ ನಿಧಾನ, ಗಾಳಿಯಲ್ಲಿ ಇನ್ನೂ ನಿಧಾನ, ಬೂದಿಯಲ್ಲಿ ಎಲ್ಲಕ್ಕಿಂತ ನಿಧಾನ.

ಅಂದಮೇಲೆ ನೀರು ಕಬ್ಬಿಣಕ್ಕೆ ಏನನ್ನೂ ಕೊಡುತ್ತಿಲ್ಲ. ಶಾಖವನ್ನು ಅವಸರದಲ್ಲಿ ಕಿತ್ತುಕೊಳ್ಳುತ್ತಿದೆ, ಅಷ್ಟೇ. ತಾಮ್ರದ ವಿಷಯಕ್ಕೆ ಬಂದರೆ ಅವಸರಕ್ಕೆ ಬೆಲೆಯೇ ಇಲ್ಲ: ಬಡಿದು ಅಸ್ತವ್ಯಸ್ತಗೊಂಡಿದ್ದ ಅದರ ಪರಮಾಣುಗಳ ಸಾಲು ಬೆಂಕಿಯಲ್ಲೇ ನೆಟ್ಟಗಾಗಿರುತ್ತದೆ, ಮೆತ್ತಗಾಗುವುದು ಅಲ್ಲೇ ಮುಗಿದಿರುತ್ತದೆ. ಪತ್ತಾರರು ನೀರಿಗೆ ಹಾಕುವುದು ಬೇಗ ಕೈಗೆ ಸಿಗಲಿ ಎಂದು. ಕಬ್ಬಿಣಕ್ಕೆ ಮಾತ್ರ ಅವಸರದಿಂದ ಇಷ್ಟು ವ್ಯತ್ಯಾಸವಾಗಬೇಕಾದರೆ, ತಣ್ಣಗಾಗುವ ದಾರಿಯಲ್ಲಿ ಅದರೊಳಗೆ ಏನೋ ಕೆಲಸ ನಡೆಯಬೇಕಿರುತ್ತದೆ, ನೀರು ಅದಕ್ಕೆ ಸಮಯ ಕೊಡುವುದಿಲ್ಲ ಎಂದಾಯಿತು. ಯಾವ ಕೆಲಸ?

ಒಂದು ಚಿಟಿಕೆ ಇಂಗಾಲ

ಕುಲುಮೆಗೆ ಬರುವ ಯಾವ ಕಬ್ಬಿಣವೂ ಬರೀ ಕಬ್ಬಿಣವಲ್ಲ. ಅದರಲ್ಲಿ ಇಂಗಾಲ, ಅಂದರೆ ಇದ್ದಿಲಿನಲ್ಲಿರುವ ವಸ್ತು, ಬೆರೆತಿರುತ್ತದೆ. ಮನೆಕಟ್ಟುವ ಸರಳಿನಲ್ಲಿ ನೂರು ತೂಕಕ್ಕೆ ಸುಮಾರು 0.2, ಲಾರಿಯ ಕಮಾನು ಪಟ್ಟಿಯಲ್ಲಿ 0.6ರ ಆಸುಪಾಸು, ಅರದಲ್ಲಿ 1ಕ್ಕೂ ಹೆಚ್ಚು, ಹಳೇ ಹೊಲಿಗೆ ಯಂತ್ರದ ಬೀಡಿನ ಕಾಲಿನಲ್ಲಿ 3ಕ್ಕಿಂತ ಜಾಸ್ತಿ. ಬೀಡನ್ನು ಬಡಿಯಲಾಗದು, ಪುಡಿಯಾಗುತ್ತದೆ. ಮೆದು ಕಬ್ಬಿಣ, ಉಕ್ಕು, ಬೀಡು ಇವುಗಳ ನಡುವಿನ ಅಂತರವೆಲ್ಲ ಇದೊಂದು ವಸ್ತುವಿನ ಹೆಚ್ಚುಕಡಿಮೆಯಿಂದ ಎಂದು ಸ್ವೀಡನ್ನಿನ ಬರ್ಗ್‌ಮನ್ 1781ರಲ್ಲಿ ಪತ್ತೆ ಮಾಡಿದ. ಆ ವಸ್ತು ಇಂಗಾಲವೇ ಎಂದು 1786ರಲ್ಲಿ ಮೂವರು ಫ್ರೆಂಚರು ಖಚಿತಪಡಿಸಿದರು.

0.6 ಎಂದರೆ ಏನೂ ಅಲ್ಲ ಎನ್ನಿಸಬಹುದು. ಆದರೆ ಇಂಗಾಲದ ಪರಮಾಣು ಬಲು ಹಗುರ. ತಲೆ ಎಣಿಸಿ ನೋಡಿದರೆ ಕಮಾನು ಪಟ್ಟಿಯಲ್ಲಿ ಹೆಚ್ಚುಕಡಿಮೆ 36 ಕಬ್ಬಿಣದ ಪರಮಾಣುಗಳಿಗೆ ಒಂದು ಇಂಗಾಲ ಇರುತ್ತದೆ. ಮನೆಯ ಸರಳಿನಲ್ಲಿ ಸುಮಾರು ನೂರಕ್ಕೆ ಒಂದು. ಈ ಒಂಟಿ ಇಂಗಾಲ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ನಮ್ಮ ಕಥೆಯೆಲ್ಲ ನಿಂತಿದೆ.

ಉಂಡಿ ಜೋಡಿಸುವ ಎರಡು ಬಗೆ

ಪಂಚಮಿಗೆ ಕಟ್ಟಿದ ಶೇಂಗಾ ಉಂಡಿಗಳನ್ನು ಪರಾತದಲ್ಲಿ ಜೋಡಿಸಿ. ಚೌಕಾಕಾರದ ಸಾಲುಗಳಲ್ಲಿ, ಪಕ್ಕದ ಉಂಡಿಗೆ ಉಂಡಿ ತಾಗುವಂತೆ. ನಾಲ್ಕು ಉಂಡಿಗಳ ನಡುವೆ ಒಂದೊಂದು ಗುಳಿ ಕಾಣುತ್ತದೆ. ಎರಡನೆಯ ಪದರದ ಉಂಡಿಗಳನ್ನು ಆ ಗುಳಿಗಳ ಮೇಲೆ ಕೂರಿಸಿ. ಮೂರನೆಯ ಪದರವೂ ಹಾಗೇ. ಈಗ ನಡುವಿನ ಒಂದು ಉಂಡಿಯನ್ನು ಗಮನಿಸಿ: ತನ್ನ ಪದರದಲ್ಲೇ ನಾಲ್ಕು, ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು 12 ಉಂಡಿಗಳನ್ನು ತಾಗಿಕೊಂಡಿದೆ. ಇದನ್ನು ಒತ್ತು ಜೋಡಣೆ ಎನ್ನೋಣ. ಕೆಂಪಗೆ, ಕಿತ್ತಳೆಗೆ ಕಾದ ಕಬ್ಬಿಣದ ಪರಮಾಣುಗಳು ಕೂತಿರುವುದು ಹೀಗೆ.

ಇನ್ನೊಂದು ಪರಾತದಲ್ಲಿ ಅದೇ ಚೌಕದ ಸಾಲುಗಳನ್ನು ಕೊಂಚ ಬಿಡಿಬಿಡಿಯಾಗಿ ಇಡಿ. ಪಕ್ಕದ ಉಂಡಿಗಳ ನಡುವೆ ಸಣ್ಣ ಸಂದು ಇರಲಿ. ಈಗ ಮೇಲಿನ ಪದರ ಇಟ್ಟರೆ ಉಂಡಿಗಳು ಗುಳಿಯೊಳಗೆ ಇನ್ನಷ್ಟು ಆಳಕ್ಕೆ ಇಳಿಯುತ್ತವೆ. ನಡುವಿನ ಉಂಡಿ ತನ್ನ ಪದರದ ಯಾರನ್ನೂ ತಾಗುವುದಿಲ್ಲ. ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು 8. ಇದು ಸಡಿಲ ಜೋಡಣೆ. ತಣ್ಣಗಿನ ಕಬ್ಬಿಣ ಇರುವುದು ಹೀಗೆ. ಶುದ್ಧ ಕಬ್ಬಿಣ 912 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಡಿಲದಿಂದ ಒತ್ತು ಜೋಡಣೆಗೆ ಹೊರಳುತ್ತದೆ. ಇಂಗಾಲ ಬೆರೆತಿದ್ದರೆ 727 ಡಿಗ್ರಿಯಿಂದಲೇ ಹೊರಳಾಟ ಶುರು.

ಈಗ ಒಂದು ಒಣದ್ರಾಕ್ಷಿ ತೆಗೆದುಕೊಳ್ಳಿ. ಇದು ಇಂಗಾಲ. ಒತ್ತು ಜೋಡಣೆಯಲ್ಲಿ ತಾಗಿಕೊಂಡ ನಾಲ್ಕು ಉಂಡಿಗಳ ನಟ್ಟನಡುವಿನ ತೆರವಿಗೆ ಅದನ್ನು ಹಾಕಿ. ಸುತ್ತ ನಾಲ್ಕು, ಮೇಲೊಂದು, ಕೆಳಗೊಂದು, ಆರೂ ಉಂಡಿ ಸಮದೂರದಲ್ಲಿವೆ. ದ್ರಾಕ್ಷಿಗೆ ಕೊಂಚ ಇಕ್ಕಟ್ಟಾದರೂ ಜಾಗ ಸಿಕ್ಕಿತು. ಅದೇ ದ್ರಾಕ್ಷಿಯನ್ನು ಸಡಿಲ ಜೋಡಣೆಯ ಅದೇ ತೆರವಿಗೆ ಹಾಕಲು ಹೋದರೆ? ಅಕ್ಕಪಕ್ಕದ ಉಂಡಿಗಳು ದೂರ ಸರಿದಿವೆ ನಿಜ, ಆದರೆ ಮೇಲಿನದೂ ಕೆಳಗಿನದೂ ಒಳಕ್ಕೆ ಇಳಿದು ತೆರವನ್ನು ಚಪ್ಪಟೆ ಮಾಡಿವೆ. ದ್ರಾಕ್ಷಿ ಕೂರುವುದಿಲ್ಲ. ಒಟ್ಟಾರೆ ಖಾಲಿ ಜಾಗ ಸಡಿಲ ಜೋಡಣೆಯಲ್ಲೇ ಹೆಚ್ಚು, ಆದರೆ ಅದು ಸಂದುಗಳಾಗಿ ಹರಿದು ಹಂಚಿಹೋಗಿದೆ. ಒಂದು ದ್ರಾಕ್ಷಿ ಹಿಡಿಸುವ ಗುಳಿ ಎಲ್ಲೂ ಇಲ್ಲ.

ಅಳತೆಯ ಮಾತಿನಲ್ಲಿ ಹೇಳುವುದಾದರೆ, ಒತ್ತು ಜೋಡಣೆಯ ಕಬ್ಬಿಣ ನೂರಕ್ಕೆ 2ರಷ್ಟು ತೂಕದ ಇಂಗಾಲವನ್ನು ಒಡಲಲ್ಲಿ ಕರಗಿಸಿಕೊಳ್ಳಬಲ್ಲದು. ಸಡಿಲ ಜೋಡಣೆಯದು ಹೆಚ್ಚೆಂದರೆ 0.02. ನೂರು ಪಟ್ಟು ಅಂತರ! ಬಿಸಿ ಕಬ್ಬಿಣ ಇಂಗಾಲಕ್ಕೆ ಮನೆ ಕೊಡುತ್ತದೆ, ತಣ್ಣಗಿನ ಕಬ್ಬಿಣ ಹೊರದಬ್ಬುತ್ತದೆ. ಕಬ್ಬಿಣ ತಣ್ಣಗಾಗುವಾಗ ಒಳಗೆ ನಡೆಯಬೇಕಾದ ಕೆಲಸವೆಂದರೆ ಇದೇ: ಇಂಗಾಲದ ಒಕ್ಕಲೆಬ್ಬಿಸುವಿಕೆ.

ಕತ್ತಲೆಯಲ್ಲಿ ಮತ್ತೆ ಹೊಳೆಯುವ ಕಬ್ಬಿಣ

ಈ ಹೊರಳಾಟವನ್ನು ಬರಿಗಣ್ಣಿನಿಂದ ನೋಡಬಹುದು ಎಂದರೆ ಹಲವರು ನಂಬುವುದಿಲ್ಲ. ಕುಲುಮೆಗಳು ಹೆಚ್ಚಾಗಿ ಮಬ್ಬುಗತ್ತಲೆಯ ಚಪ್ಪರದಡಿ ಇರುವುದಕ್ಕೆ ಕಾರಣ ರಾಯಚೂರಿನ ಬಿಸಿಲೊಂದೇ ಅಲ್ಲ. ಬಿಸಿಲಲ್ಲಿ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ. ಸಂಜೆ ಕವಿದ ಮೇಲೆ ಕಮಾನು ಪಟ್ಟಿಯ ತುಂಡೊಂದನ್ನು ಕಿತ್ತಳೆಗೆ ಕಾಯಿಸಿ ಹೊರತೆಗೆದು ಸುಮ್ಮನೆ ಹಿಡಿದು ನೋಡಿ. ಕಿತ್ತಳೆ ಕೆಂಪಾಗುತ್ತದೆ, ಕೆಂಪು ಮಂಕಾಗುತ್ತದೆ, ಇನ್ನೇನು ಕಪ್ಪಾಯಿತು ಎನ್ನುವಾಗ ಇದ್ದಕ್ಕಿದ್ದಂತೆ ಅದು ಮತ್ತೆ ಕೊಂಚ ಬೆಳಗುತ್ತದೆ! ಯಾರೂ ಬೆಂಕಿ ಕೊಟ್ಟಿಲ್ಲ. ಒತ್ತು ಜೋಡಣೆ ಮುರಿದು ಸಡಿಲ ಜೋಡಣೆಯಾಗುವಾಗ ಪರಮಾಣುಗಳು ಕೈಬಿಟ್ಟ ಶಾಖ ಅದು. ಮರುಹೊಳಪು ಎಂದು ಕರೆಯಬಹುದಾದ ಈ ಸಂಗತಿಯನ್ನು ವಿಲಿಯಂ ಬ್ಯಾರೆಟ್ 1873ರಲ್ಲಿ ವರದಿ ಮಾಡಿದ. ಅದಕ್ಕೆ ನಾಲ್ಕು ವರ್ಷ ಮೊದಲು, 1869ರಲ್ಲಿ, ಜಾರ್ಜ್ ಗೋರ್ ಎಂಬಾತ ಕಾದ ಕಬ್ಬಿಣದ ತಂತಿ ತಣ್ಣಗಾಗುತ್ತ ಕುಗ್ಗುವ ಬದಲು ನಡುವೆ ಒಮ್ಮೆ ಜಗ್ಗನೆ ಹಿಗ್ಗುವುದನ್ನು ಕಂಡಿದ್ದ. ಉಂಡಿಗಳು ಬಿಡಿಬಿಡಿಯಾದರೆ ರಾಶಿ ಹೆಚ್ಚು ಜಾಗ ಬೇಡುತ್ತದೆ. ಅದರ ಲೆಕ್ಕವೇ ಈ ಹಿಗ್ಗು.

ಹವ್ಯಾಸಿಗಳ ಇನ್ನೊಂದು ಉಪಾಯ ಅಯಸ್ಕಾಂತ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಕುಲುಮೆಯ ಪಕ್ಕ ತೂಗುಹಾಕಿರುತ್ತಾರೆ. ಕಾದ ತುಂಡನ್ನು ಮುಟ್ಟಿಸಿದಾಗ ಅಂಟದಿದ್ದರೆ 770 ಡಿಗ್ರಿಯ ಆಸುಪಾಸಿಗೆ ಬಂದಿದೆ ಎಂದರ್ಥ. ಕಮಾನು ಪಟ್ಟಿಯಂಥ ಉಕ್ಕಿಗೆ ಅದೇ ಹೊತ್ತಿಗೆ ಜೋಡಣೆಯೂ ಬದಲಾಗಿರುವುದರಿಂದ, ಇನ್ನು ಕೊಂಚ ಕಾಯಿಸಿ ಅದ್ದಿದರೆ ಸರಿ. ಕಡಿಮೆ ಇಂಗಾಲದ ಸರಳಿಗೆ ಈ ಗುರುತು ಸಾಲದು, ಅದರ ಹೊರಳಾಟ ಮುಗಿಯಲು ಇನ್ನೂ ಹೆಚ್ಚು ಬಿಸಿ ಬೇಕು. ಪರಂಪರೆಯ ಕಂಬಾರರಿಗೆ ಈ ಅಯಸ್ಕಾಂತವೆಲ್ಲ ಬೇಕಾಗಿಲ್ಲ, ಅವರ ಕಣ್ಣೇ ಮಾಪಕ.

ಸಿಕ್ಕಿಬಿದ್ದವನ ಬಲ

ಬೂದಿಯಲ್ಲಿ ಹುಗಿದ ಎತ್ತಿನೊಳಗೆ ಏನಾಗುತ್ತದೆ ನೋಡಿ. ತಣ್ಣಗಾಗಲು ಗಂಟೆಗಟ್ಟಲೆ ಹೊತ್ತಿದೆ. ಮನೆ ಕಳೆದುಕೊಳ್ಳಲಿರುವ ಇಂಗಾಲ ನಿಧಾನವಾಗಿ ಸರಿದು ಒಂದೆಡೆ ಕೂಡುತ್ತದೆ, ಅಲ್ಲಿ ಕಬ್ಬಿಣದ ಜೊತೆ ಸೇರಿ ತೆಳುವಾದ ಬಿರುಸು ಹಾಳೆಗಳಾಗುತ್ತದೆ. ಎರಡು ಹಾಳೆಗಳ ನಡುವೆ ಇಂಗಾಲವಿಲ್ಲದ ಮೆದು ಕಬ್ಬಿಣ. ಶೆಫೀಲ್ಡಿನ ಹೆನ್ರಿ ಸಾರ್ಬಿ 1863ರ ಸುಮಾರಿಗೆ ಉಕ್ಕನ್ನು ನುಣ್ಣಗೆ ಉಜ್ಜಿ, ಆಮ್ಲ ತಗುಲಿಸಿ, ಸೂಕ್ಷ್ಮದರ್ಶಕದಡಿ ನೋಡಲು ಶುರುಮಾಡಿದ. ಈ ಹಾಳೆಗಳ ಸಾಲು ಕಂಡದ್ದು ಆ ದಾರಿಯಿಂದಲೇ. ಮುತ್ತಿನ ಚಿಪ್ಪಿನ ಹೊಳಪಿದ್ದುದರಿಂದ ಅದಕ್ಕೆ ಪರ್ಲೈಟ್ ಎಂಬ ಹೆಸರು ಬಂತು. ಮೆದು ಪದರ ನಡುವೆ ಇರುವುದರಿಂದ ಪೆಟ್ಟು ಬಿದ್ದರೆ ಬಾಗುತ್ತದೆ, ಅರ ಹಾಕಿದರೆ ಅರ ಕಚ್ಚುತ್ತದೆ. ಎತ್ತಿನ ಮೂಗಿಗೆ ಮೂಗುದಾರದ ತೂತು ಕೊರೆಯಬೇಕೆಂದರೆ ಈ ಸ್ಥಿತಿ ಬೇಕೇ ಬೇಕು.

ನೀರಿಗೆ ಬಿದ್ದ ಕುಡುಗೋಲಿಗೆ ಆ ಪುರಸೊತ್ತಿಲ್ಲ. ಎರಡೇ ಕ್ಷಣದಲ್ಲಿ ಶಾಖ ಹೋಗಿದೆ. ಉಂಡಿಗಳು ಬಿಡಿಬಿಡಿಯಾಗಲೇಬೇಕು, ಮೇಲಿನವು ಗುಳಿಗೆ ಇಳಿಯಲೇಬೇಕು. ಆದರೆ ದ್ರಾಕ್ಷಿ ಇನ್ನೂ ಅಲ್ಲೇ ಕೂತಿದೆ, ಓಡಿಹೋಗಲು ಸಮಯ ಸಿಕ್ಕಿಲ್ಲ. ಮೇಲಿನ ಉಂಡಿ ಪೂರ್ತಿ ಇಳಿಯಲಾರದೆ ಅರ್ಧಕ್ಕೆ ನಿಲ್ಲುತ್ತದೆ. ಇಡೀ ರಾಶಿ ಮೇಲಕ್ಕೆ ಸೆಟೆದುಕೊಳ್ಳುತ್ತದೆ. ಅತ್ತ ಒತ್ತು ಜೋಡಣೆಯೂ ಅಲ್ಲ, ಇತ್ತ ಸಡಿಲವೂ ಅಲ್ಲ. ಇದನ್ನು ಸೆಟೆದ ಜೋಡಣೆ ಎನ್ನೋಣ. ಲೋಹ ವಿಜ್ಞಾನಿಗಳು ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನಲ್ಲಿ ಮಾರ್ಟೆನ್ಸೈಟ್ ಎಂದು ಕರೆದರು. ಇದು ಹುಟ್ಟುವ ವೇಗ ಅಪಾರ. ಲೋಹದೊಳಗೆ ಸದ್ದು ಹರಿಯುವ ವೇಗಕ್ಕೆ ಸಮೀಪ.

ಲೋಹ ಬಾಗುವುದೆಂದರೆ ಪರಮಾಣುಗಳ ಪದರ ಪದರದ ಮೇಲೆ ಜಾರುವುದು. ಸೆಟೆದ ಜೋಡಣೆಯಲ್ಲಿ ಹೆಜ್ಜೆಹೆಜ್ಜೆಗೂ ಒಂದು ದ್ರಾಕ್ಷಿ ಅಡ್ಡ, ಒಂದು ಒತ್ತಡ. ಜಾರಲು ದಾರಿಯಿಲ್ಲ. ಆದ್ದರಿಂದಲೇ ಅಲಗು ಗಟ್ಟಿ. ಜೋಳದ ದಂಟು ಎಷ್ಟು ತಗುಲಿದರೂ ಬಾಯಿ ಮಡಚುವುದಿಲ್ಲ. ಆದರೆ ಪೆಟ್ಟು ಜೋರಾಗಿ ಬಿದ್ದರೆ ಜಾರಿ ತಪ್ಪಿಸಿಕೊಳ್ಳಲಾರದ ಲೋಹಕ್ಕೆ ಉಳಿದಿರುವುದು ಒಂದೇ ಹಾದಿ, ಬಿರುಕು. ನೀರು ಕುಡಿದ ಎತ್ತಿನ ಕೊಂಬು ಮುರಿದದ್ದು ಹೀಗೆ. ಕೊಂಬಿನ ತೆಳು ತುದಿ ಬುಡಕ್ಕಿಂತ ಬೇಗ ತಣಿದು ಬೇಗ ಹಿಗ್ಗಿ, ಒಳಗೇ ಎಳೆದಾಟ ಹುಟ್ಟಿ, ಎಷ್ಟೋ ಸಲ ಬಾನಿಯಲ್ಲೇ ಟಿಣ್ ಎಂದು ಸೀಳುವುದೂ ಉಂಟು. ಇದೇ ಎತ್ತನ್ನು ಮನೆಯ ಸರಳಿನಿಂದ ಮಾಡಿದ್ದರೆ ನೀರಿಗೆ ಹಾಕಿದರೂ ದೊಡ್ಡ ಅನಾಹುತವಿಲ್ಲ. ನೂರಕ್ಕೊಂದು ದ್ರಾಕ್ಷಿ ಎಷ್ಟೆಂದು ಸೆಟೆಸೀತು?

ಹಾಗಾದರೆ ಕುಡುಗೋಲು ಏಕೆ ಮುರಿಯುವುದಿಲ್ಲ? ಕಂಬಾರರು ನೀರಿಗೆ ಅದ್ದಿ ಅಲ್ಲಿಗೇ ಬಿಡುವುದಿಲ್ಲ. ಬಾಯಿಯನ್ನಷ್ಟೇ ಅದ್ದಿ ಬೇಗ ಎತ್ತುತ್ತಾರೆ, ಕರಿ ಪೊರೆಯನ್ನು ಕಲ್ಲಿನ ಚೂರಿನಿಂದ ಉಜ್ಜಿ ಹೊಳಪು ಕಾಣಿಸುತ್ತಾರೆ, ಕಣ್ಣಿಟ್ಟು ಕಾಯುತ್ತಾರೆ. ಬೆನ್ನಿನಲ್ಲಿ ಉಳಿದಿರುವ ಶಾಖ ಬಾಯಿಯ ಕಡೆ ಹರಿದು ಬರುತ್ತದೆ. ಹೊಳಪಿನ ಮೇಲೆ ಬಣ್ಣ ಓಡುತ್ತದೆ: 220 ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ತಿಳಿಹಳದಿ, ಆಮೇಲೆ ಕಂದು, 275ರ ಸುಮಾರಿಗೆ ನೇರಳೆ, 300ಕ್ಕೆ ನೀಲಿ. ಬೇಕಾದ ಬಣ್ಣ ಬಾಯಿಗೆ ಬಂದ ಕೂಡಲೇ ಪೂರ್ತಿ ಅದ್ದುತ್ತಾರೆ. ಬಣ್ಣ ಕಬ್ಬಿಣದ್ದಲ್ಲ. ಮೇಲೆ ಕಟ್ಟುವ ಆಕ್ಸೈಡಿನ ಪೊರೆ ದಪ್ಪವಾದಂತೆ ಬೆಳಕು ಅದರಲ್ಲಿ ಬೇರೆ ಬೇರೆ ಬಣ್ಣವಾಗಿ ಒಡೆದು ಕಾಣುತ್ತದೆ. ಆದರೆ ಅದು ಒಳಗಿನ ಕೆಲಸಕ್ಕೆ ಗಡಿಯಾರ. ಆ ಮಂದ ಬಿಸಿಯಲ್ಲಿ ಸಿಕ್ಕಿಬಿದ್ದ ಇಂಗಾಲ ಕೊಂಚ ಮಿಸುಕಾಡಿ ಅಲ್ಲಲ್ಲೇ ಸಣ್ಣ ಕಣಗಳಾಗಿ ಕೂಡಿಕೊಳ್ಳುತ್ತದೆ, ಸೆಟೆತ ಇಳಿಯುತ್ತದೆ. ಗಟ್ಟಿತನ ಸ್ವಲ್ಪವೇ ಕಳೆಯುತ್ತದೆ, ಪೆಡಸುತನ ಬಹಳಷ್ಟು ಹೋಗುತ್ತದೆ. ನಮ್ಮಲ್ಲಿ ಹದ ಎನ್ನುವುದು ಇದಕ್ಕೇ. ಕೊಡಲಿಗೊಂದು ಹದ, ಕುಡುಗೋಲಿಗೊಂದು, ಕಲ್ಲು ಒಡೆಯುವ ಉಳಿಗೇ ಬೇರೆ.

ಹವ್ಯಾಸಿಗಳು ಈ ಬಣ್ಣಗಳನ್ನು ಬರೀ ಚಂದಕ್ಕೂ ಬಳಸುತ್ತಾರೆ. ಉಜ್ಜಿ ಬೆಳ್ಳಗಾದ ಎತ್ತಿನ ಹಣೆ ಹುಲ್ಲುಬಣ್ಣ, ಕೊಂಬಿನ ತುದಿ ನೀಲಿ ಆಗುವಂತೆ ಕಾಯಿಸಿ ನಿಲ್ಲಿಸಿದರೆ ಬಣ್ಣ ಬಳಿಯುವ ಗೊಡವೆಯೇ ಇಲ್ಲ. ಮೇಲೆ ಜೇನುಮೇಣ ಸವರಿದರೆ ತುಕ್ಕಿನಿಂದ ಒಂದಿಷ್ಟು ಕಾಲ ರಕ್ಷಣೆ.

ಫ್ಯಾರಡೆ ಬಡಿದ ಉಕ್ಕು

ದಕ್ಷಿಣ ಭಾರತದ ಮೂಸೆಯುಕ್ಕಿಗೆ ಒಂದು ಕಾಲಕ್ಕೆ ಲೋಕವೇ ಬೆರಗಾಗಿತ್ತು. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಕಟ್ಟಿಗೆ, ಸೊಪ್ಪು ಇಟ್ಟು ಬಾಯಿ ಮುಚ್ಚಿ ಕರಗಿಸುವ ಈ ಕೆಲಸವನ್ನು 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ವಿವರವಾಗಿ ಬರೆದಿಟ್ಟಿದ್ದಾನೆ. ಈ ಉಕ್ಕಿನ ಗಟ್ಟಿಗಳು ಲಂಡನ್ನಿಗೂ ಹೋದವು. 1819ರಲ್ಲಿ ಆ ಉಕ್ಕನ್ನು ವಿಶ್ಲೇಷಿಸಿ ಬರೆದವರು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯೇ. ಆತನ ತಂದೆ ಕಮ್ಮಾರ. ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಮಿಶ್ರಲೋಹಗಳ ಪ್ರಯೋಗವನ್ನು ಮುಂದಿನ ಕೆಲವು ವರ್ಷ ನಡೆಸಿದ. ನಮ್ಮ ಉಕ್ಕಿನ ಗುಟ್ಟು ಅದರೊಳಗಿನ ಅಲ್ಪ ಅಲ್ಯೂಮಿನಿಯಂ ಇರಬಹುದೆಂದು ಆತ ಊಹಿಸಿದ್ದು ಮಾತ್ರ ಸರಿಹೋಗಲಿಲ್ಲ. ಗುಟ್ಟು ಇಂಗಾಲದ್ದು: ನೂರಕ್ಕೆ ಒಂದೂವರೆಯಷ್ಟು. ಅಷ್ಟು ಇಂಗಾಲವಿರುವ ಉಕ್ಕನ್ನು ಹಳದಿ ಬಿಳುಪಿಗೆ ಕಾಯಿಸಿ ಬಡಿಯಲು ಹೊರಟ ಯುರೋಪಿನ ಕಮ್ಮಾರರಿಗೆ ಅದು ಸುತ್ತಿಗೆಯಡಿ ಪುಡಿಪುಡಿಯಾಯಿತು. ಇಂಗಾಲ ಹೆಚ್ಚಿದಂತೆ ಕರಗುವ ಬಿಸಿ ಇಳಿಯುತ್ತದೆ, ಹರಳುಗಳ ಅಂಚು ಮೊದಲೇ ಕರಗಲು ಹೊರಡುತ್ತದೆ. ಕೆಂಪಿನಲ್ಲೇ, ತಾಳ್ಮೆಯಿಂದ, ಸಣ್ಣ ಪೆಟ್ಟುಗಳಲ್ಲಿ ಬಡಿಯಬೇಕು. ಅರದ ತುಂಡಿನಿಂದ ಹಾವು ಮಾಡಲು ಹೊರಡುವ ಹವ್ಯಾಸಿಗೂ ಇದೇ ಪಾಠ.

ಗೋಡೆಯ ಮೇಲಿನ ಜಾಹೀರಾತು

ಚೀಕಲಪರ್ವಿಯಿಂದ ರಾಯಚೂರಿನವರೆಗೆ ಯಾವ ರಸ್ತೆ ಹಿಡಿದರೂ ಗೋಡೆಗಳ ಮೇಲೆ ಟಿಎಂಟಿ ಸರಳಿನ ಜಾಹೀರಾತು ಕಾಣುತ್ತದೆ. ಆ ಮೂರಕ್ಷರದ ಹಿಂದೆ ಕುಲುಮೆಯ ಬಾನಿಯೇ ಇದೆ. ಕಾರ್ಖಾನೆಯಲ್ಲಿ ಕೆಂಪಗೆ ಕಾದ ಸರಳು ಯಂತ್ರದಿಂದ ಹೊರಬೀಳುತ್ತಿದ್ದಂತೆ ಅದರ ಮೇಲೆ ರಭಸದಿಂದ ನೀರು ಚಿಮ್ಮಿಸುತ್ತಾರೆ, ಒಂದೆರಡು ಕ್ಷಣ ಮಾತ್ರ. ಹೊರಮೈ ಸೆಟೆದ ಜೋಡಣೆಗೆ ಬರುತ್ತದೆ, ಒಡಲು ಇನ್ನೂ ಕೆಂಪಗೆ ಇರುತ್ತದೆ. ನೀರು ನಿಂತ ಮೇಲೆ ಒಡಲಿನ ಶಾಖ ಹೊರಗೆ ಹರಿದು ಹೊರಮೈಗೆ ತಾನಾಗಿ ಹದ ಕೊಡುತ್ತದೆ. ಕುಡುಗೋಲಿನ ಬೆನ್ನು ಬಾಯಿಗೆ ಕೊಟ್ಟ ಹಾಗೇ. ಒಡಲು ಗಾಳಿಯಲ್ಲಿ ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಸುತ್ತ ಗಟ್ಟಿ ಉಂಗುರ, ನಡುವೆ ಮೆದು ತಿರುಳು. ಸರಳನ್ನು ಅಡ್ಡ ಕತ್ತರಿಸಿ, ಉಜ್ಜಿ, ಆಮ್ಲ ತಗುಲಿಸಿದರೆ ಉಂಗುರ ಕಣ್ಣಿಗೇ ಕಾಣುತ್ತದೆ.

ಇದರಿಂದ ಮನೆ ಕಟ್ಟುವವರಿಗೆ ಒಂದು ಮಾತು. ದಪ್ಪ ಸರಳು ಬಾಗುತ್ತಿಲ್ಲವೆಂದು ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವ ರೂಢಿ ಅಲ್ಲಲ್ಲಿ ಇದೆ. ಕೆಂಪಾದ ಕ್ಷಣವೇ ಸೆಟೆದ ಉಂಗುರ ಕರಗಿ ಒತ್ತು ಜೋಡಣೆಗೆ ಮರಳುತ್ತದೆ, ಗಾಳಿಯಲ್ಲಿ ತಣಿದಾಗ ಮೆದು ಕಬ್ಬಿಣವಾಗುತ್ತದೆ. ಕಾರ್ಖಾನೆಗೆ ಕೊಟ್ಟ ದುಡ್ಡು ಆ ತಿರುವಿನಲ್ಲಿ ಹೋಯಿತು, ತೊಲೆಯ ಬಲವೂ ಹೋಯಿತು. ಸರಳನ್ನು ತಣ್ಣಗಿರುವಾಗಲೇ ಬಗ್ಗಿಸಬೇಕು. ಕಟ್ಟಡದಲ್ಲಿ ಉಳಿದ ತುಂಡುಗಳನ್ನು ಬೇಕಾದರೆ ಕುಲುಮೆಗೆ ಒಯ್ಯಿರಿ. ಹಾವಿಗೆ ಅದಕ್ಕಿಂತ ಒಳ್ಳೆಯ ಸಾಮಾನು ಗುಜರಿಯಲ್ಲಿ ಸಿಗುವುದಿಲ್ಲ, ಸರಳಿನ ಮೈಮೇಲಿನ ಏಣುಗಳನ್ನು ಅರೆಬರೆ ತಟ್ಟಿ ಬಿಟ್ಟರೆ ಪೊರೆಯ ಗುರುತು ತಾನಾಗಿ ಮೂಡುತ್ತದೆ.